ಹೊರಗೆ ಕೂರದ ಚಿಕ್ಕಮ್ಮ

"ನಮ್ಮನೇಲಿ ಡಾಕ್ಟ್ರಾ? ಎಸ್ಸೆಸ್ಸೆಲ್ಸಿ ದಾಟು ಸಾಕು ಕಣಮ್ಮ" ಎಂದು ನಕ್ಕಿದ್ದವರು ನಮ್ಮ ದೊಡ್ಡಪ್ಪ. ದಾಟಿದೆ. ಹಾಸ್ಟೆಲಿನ ಅನ್ನ ತಿಂದು, ಎರಡು ಸಲ ಫೇಲಾಗಿ, ಸ್ತ್ರೀರೋಗ ತಜ್ಞೆಯಾದೆ.

ಕೋವಿಡ್ ತಗ್ಗಿದ ಮರುವರ್ಷ ಮಧುಗಿರಿಯ ಆಸ್ಪತ್ರೆಯೊಂದರಲ್ಲಿದ್ದೆ. ಒಂದು ಬೆಳಗ್ಗೆ ಅದೇ ದೊಡ್ಡಪ್ಪ ಒಪಿಡಿಗೆ ಬಂದರು. ಜೊತೆಗೆ ತೋವಿನಕೆರೆಯ ಚಿಕ್ಕಮ್ಮ, ತೀರಿಹೋದ ಅವರ ತಮ್ಮನ ಹೆಂಡತಿ. ವಯಸ್ಸು ನಲವತ್ತಮೂರು, ಶಾಲೆಯ ಬಿಸಿಯೂಟದ ಅಡುಗೆಯವಳು. ಸೆರಗು ಎಷ್ಟು ಬಿಗಿದಿದ್ದರೂ ಹೊಟ್ಟೆ ಐದು ತಿಂಗಳ ಬಸುರಿಯಷ್ಟು ಕಾಣುತ್ತಿತ್ತು.

ದೊಡ್ಡಪ್ಪ ಕೂರಲಿಲ್ಲ. "ಎಷ್ಟ್ ತಿಂಗ್ಳು ಅಂತ ಹೇಳ್ಬುಡಮ್ಮ. ಊರೋರು ಇವ್ಳನ್ನ ಒಲೆ ಮುಂದಿಂದ ಎಬ್ಬಿಸವ್ರೆ. ಅರ್ಧ ವರ್ಷಾತು, ಒಂದ್ಸಲನೂ ಹೊರಗೆ ಕುಂತಿಲ್ಲ."

ನಮ್ಮ ಕಡೆ ಮುಟ್ಟಾದವರು ಮೂರು ದಿನ ಒಳಗೆ ಬರದೆ ಜಗಲಿಯಲ್ಲಿರುತ್ತಾರೆ. ಯಾರು ಕೂತರು, ಯಾರು ಕೂರಲಿಲ್ಲ ಎಂಬುದು ಕೇರಿಗೆಲ್ಲ ಗೊತ್ತು. ಪಕ್ಕದಲ್ಲಿ ನರ್ಸ್ ಕೇಳಿಸಿಕೊಳ್ಳುತ್ತಿದ್ದಳು. ಕಷ್ಟಪಟ್ಟು ಗಳಿಸಿದ ಕುರ್ಚಿಯಲ್ಲಿ ಕೂತು, ಇವಳು ನನ್ನ ಚಿಕ್ಕಮ್ಮ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ದೊಡ್ಡಪ್ಪನನ್ನು ಹೊರಗೆ ಕಳಿಸಿದೆ. ಮೂತ್ರ ಪರೀಕ್ಷೆಯಲ್ಲಿ ಬಸುರಿಲ್ಲ ಎಂದು ಬಂತು. ಸ್ಕ್ಯಾನಿನಲ್ಲಿ ಕಂಡದ್ದು ಹನ್ನೆರಡು ಸೆಂಟಿಮೀಟರಿನ ಫೈಬ್ರಾಯ್ಡ್. ಅಂದರೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ, ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲದ ಗಡ್ಡೆ. ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಆಗಾಗ ಸ್ಕ್ಯಾನ್ ಮಾಡಿ ಗಮನಿಸಿದರೆ ಸಾಕು. ಆದರೆ ಚಿಕ್ಕಮ್ಮನ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು.

"ಮುಟ್ಟು ನಿಂತಿದೆಯಾ ಚಿಕ್ಕಮ್ಮ?"

"ನಿಲ್ಲೋದೆಲ್ಲಿ ಪಾಪ, ತಿಂಗಳಿಗೆ ಹನ್ನೆರಡು ದಿನ ಹೋಯ್ತದೆ. ಅಷ್ಟ್ ದಿನ ಹೊರಗೆ ಕುಂತ್ರೆ ಅನ್ನ ಬೇಯ್ಸೋಕೆ ಬ್ಯಾರೆಯೋಳ್ನ ಇಟ್ಕತಾರೆ. ಅದ್ಕೇ ಯಾರ್ಗೂ ಹೇಳ್ದೆ ಬಾಯ್ ಮುಚ್ಕಂಡು ಬೇಯಿಸ್ದೆ."

ಕೆಲಸ ಉಳಿಸಿಕೊಳ್ಳಲು ರಕ್ತ ಮುಚ್ಚಿಟ್ಟಳು. ರಕ್ತ ಕಾಣದ ಊರು ಬಸುರೆಂದು ಕಥೆ ಕಟ್ಟಿತು. ಊರನ್ನು ಬೈಯಲು ನನಗೆ ಬಾಯಿರಲಿಲ್ಲ. ಹಿಂದಿನ ತಿಂಗಳಷ್ಟೇ ಊರಿಗೆ ಹೋಗಿದ್ದಾಗ ಮುಟ್ಟಾಗಿ, ಇಷ್ಟು ಓದಿದ ನಾನೂ ಜಗಲಿಯಲ್ಲೇ ತಟ್ಟೆ ಹಿಡಿದು ಕೂತಿದ್ದೆ. ಯಾರೂ ಒತ್ತಾಯ ಮಾಡಿರಲಿಲ್ಲ.

ರಕ್ತಸ್ರಾವ ತಗ್ಗಿಸಲು ಮಾತ್ರೆ ಕೊಟ್ಟು, ಐರನ್ ಇಂಜೆಕ್ಷನ್ ಹಾಕಿದೆವು. ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್. ಗಡ್ಡೆ ಬೆಳೆದಿರಲಿಲ್ಲ, ಹಿಮೋಗ್ಲೋಬಿನ್ ಹತ್ತು ದಾಟಿತ್ತು. ತುಮಕೂರಿನಲ್ಲಿ ಆಪರೇಷನ್ ಆಯಿತು. ಗಡ್ಡೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಇರಲಿಲ್ಲ.

ಈಗ ಒಪಿಡಿಗೆ ಬರುವ ಹೆಂಗಸರನ್ನು ಎಷ್ಟು ದಿನ ಹೊರಗಿರುತ್ತೀರಿ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಎಷ್ಟು ದಿನ ಮುಚ್ಚಿಟ್ಟುಕೊಂಡಿರಿ ಎಂದೂ ಕೇಳುತ್ತೇನೆ. ಚಿಕ್ಕಮ್ಮನ ಕೇಸು ನನಗೆ ಕಲಿಸಿದ್ದು ಇಷ್ಟೇ. ಜಗಲಿಯಲ್ಲಿ ಕೂರುವುದನ್ನೂ ಬಿಟ್ಟಿದ್ದೇನೆ.

ಚಿಕ್ಕಮ್ಮ ಅಡುಗೆಗೆ ಮರಳಲು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ಅದನ್ನು ಪಡೆಯಲೂ ದೊಡ್ಡಪ್ಪನೇ ಜೊತೆಗೆ ಬಂದರು. ನನ್ನ ಮುಖ ನೋಡದೆ ಕೇಳಿದರು: "ಇದ್ರಲ್ಲಿ... ಬಸುರಾಗಿರ್ಲಿಲ್ಲ ಅಂತ ಒಂದ್ ಮಾತು ಬರೆದೀಯೇನಮ್ಮ? ಊರೋರಿಗೆ ತೋರ್ಸಾಕೆ."

ನಾನು ಪೆನ್ ಎತ್ತಿದೆ. ಅಷ್ಟರಲ್ಲಿ ಚಿಕ್ಕಮ್ಮ ನನ್ನ ಕೈಯಿಂದ ಸರ್ಟಿಫಿಕೇಟ್ ತೆಗೆದುಕೊಂಡಳು.

"ಬ್ಯಾಡ ಬುಡು ಪಾಪ. ಮಾಡ್ದೇ ಇರೋ ತಪ್ಪಿಗೆ ನಾನ್ಯಾಕೆ ಚೀಟಿ ಹಿಡ್ಕಂಡು ತಿರಗ್ಲಿ? ಅಂದೋರು ಬಂದು ನನ್ ಕೈ ಅನ್ನ ಉಣ್ಲಿ."