ಅಕ್ಕೋರ ಬಾಡಿಗೆ ಸಿಪಾಯಿಗಳು

ಹಳೆಯ ಸೀರೆಯಲ್ಲಿ ಹೊಲಿದ ಗವಸು ಅದು, ಅಂಚಿಗೆ ಕೆಂಪು ಪಟ್ಟಿ. ಬಿಡಿಸಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲಕ್ಕೆ ಅಫಜಲಪುರದಲ್ಲಿ ಈ ಗವಸು ತೆಗೆದರೆ ಅಡಿಯಲ್ಲಿ ಕಂಪ್ಯೂಟರ್ ಇರುತ್ತಿತ್ತು, ಅದರೊಳಗೆ ನಮ್ಮದೊಂದು ದಂಡು...

ತೊಂಬತ್ತರ ದಶಕದ ಕೊನೆ. ಗಂಡನ ಮನೆ ಬಿಟ್ಟು ಬಂದ, ನಮಗೆ ಟೈಪಿಂಗ್ ಕಲಿಸುವ ಅಕ್ಕೋರು, ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ಸೊಲ್ಲಾಪುರದಿಂದ ಬಸ್ಸಿನಲ್ಲಿ ತಂದಿದ್ದರು. ಅದರಲ್ಲಿ ಬಾಡಿಗೆ ಸಿಪಾಯಿಗಳ ಆಟವೊಂದು ಉಳಿದುಕೊಂಡಿತ್ತು. ನಮ್ಮ ಸಿಪಾಯಿಗಳನ್ನೆಲ್ಲ ನಡೆಸಿ ಮುಗಿಸುವವರೆಗೆ ವೈರಿ ಅಲುಗಾಡುವಂತಿಲ್ಲ. ಆಮೇಲೆ ಅವನ ಪಾಳಿ. ಸಿಪಾಯಿಗಳೋ, ಒಬ್ಬರಿಗಿಂತ ಒಬ್ಬರು ತಿಕ್ಕಲು. ಒಬ್ಬ ಗುಂಡು ಹಾರಿಸುವ ಮುಂಚೆ ಹಾಡು ಗುನುಗಿ ವೈರಿಗೆ ಸುಳಿವು ಕೊಡುತ್ತಿದ್ದ. ದಂಡಿನ ಡಾಕ್ಟರಬಾಯಿಗೆ ಅವನ ಮುಖ ಕಂಡರಾಗದು, ಗಾಯವಾದರೂ ಮುಟ್ಟುತ್ತಿರಲಿಲ್ಲ.

ತಪ್ಪಿಲ್ಲದೆ ಒಂದು ಪುಟ ಟೈಪ್ ಮಾಡಿದ ಹುಡುಗಿಗೆ ನಡೆಸಲು ಒಬ್ಬ ಸಿಪಾಯಿ. ಕರೆಂಟ್ ಹೋದರೆ ನೆಲದ ಮೇಲೆ ಸುಣ್ಣದ ಚೌಕ ಗೀಚಿ, ಹುಣಸೆಬೀಜ ಇಟ್ಟು, ಮುಂದಿನ ಪಾಳಿಗೆ ಜಗಳಾಡುತ್ತಿದ್ದೆವು. ತಿರುವು ಬಂದರೆ ಮೊದಲು ಒಬ್ಬರು ಹೋಗಿ ನೋಡಬೇಕು, ಯಾರನ್ನೂ ಬಿಟ್ಟು ಬರಬಾರದು. ಇವು ಅಕ್ಕೋರ ಕಾನೂನು. ಹಾಡುವವನನ್ನು ಕೈಬಿಡೋಣವೆಂದು ನಾನೊಮ್ಮೆ ಅಂದೆ.

"ಹಾಡೋದು ಅವನ ಗುಣ ಅದ. ಗುಣ ನೋಡಿ ಬಿಡಾಕ ಹತ್ತಿದ್ರ ನಮ್ಮನ್ನ ಯಾರು ಇಟ್ಕೋತಾರ ಬೇ?" ಎಂದರು.

ಊರ ಬಾಯಿ ಮುಚ್ಚಲಾಗುತ್ತದೆಯೇ? "ಮೂಲ್ಯಾಗಿನವನ್ನ ಮೊದಲ ಹೊಡಿ!" ಎಂದು ನಾವು ಕೂಗಿದ್ದು ಓಣಿಗೆಲ್ಲ ಕೇಳುತ್ತಿತ್ತು. ಒಂದು ಮಧ್ಯಾಹ್ನ, ಅಕ್ಕೋರಿಗೆ ಕೋಣೆ ಬಾಡಿಗೆ ಕೊಟ್ಟ ಮಾಲಕರು ಬಾಗಿಲಲ್ಲಿ ನಿಂತರು. ಹಿಂದೆ ಓಣಿಯ ಹಿರಿಯರು.

"ಹೆಣ್ಮಕ್ಕಳಿಗಿ ಬಂದೂಕಿನ ಆಟ ಕಲಸ್ತೀರೇನ್ರಿ? ಕಂಪ್ಯೂಟರ್ ಬಂದ್ ಮಾಡ್ರಿ. ಇಲ್ಲಾಂದ್ರ ಖೋಲಿ ಖಾಲಿ ಮಾಡ್ರಿ."

ಆ ಕೋಣೆ ಹೋದರೆ ನಮಗೆ ಮನೆಯ ಹೊಸ್ತಿಲೇ ಗತಿ. ಅಕ್ಕೋರು ತಿರುಗಿಯೂ ನೋಡಲಿಲ್ಲ.

"ಕೂಡ್ರಿ. ನಮ್ಮ ಪಾಳಿ ಇನ್ನಾ ಮುಗದಿಲ್ರಿ."

ಮಾಲಕರು ಕೂರಲಿಲ್ಲ, ಬುಸುಗುಡುತ್ತ ನಿಂತೇ ಇದ್ದರು. ಪಾಳಿ ಮುಗಿಸಿ ಅಕ್ಕೋರು ಗವಸು ಹೊದಿಸಿದರು. ಕಂಪ್ಯೂಟರ್ ಬಂದ್ ಮಾಡುತ್ತಾರೆ ಅಂದುಕೊಂಡೆ. ಅವರು ತಳ್ಳುಗಾಡಿ ತರಿಸಿದರು. "ಖೋಲಿ ನಿಮ್ದು, ಇಟ್ಕೋರಿ. ದಂಡು ನಮ್ದು," ಎಂದರು.

ಹಿಂದಿನ ಓಣಿಯಿಂದ ಸದ್ದಿಲ್ಲದೆ ಹೋಗಬಹುದಿತ್ತು. ಸಂತೆಯ ದಿನ, ನಡುಬಜಾರಿನಲ್ಲೇ ಗಾಡಿ ನಡೆಸಿದರು. ನಾವು ಹುಡುಗಿಯರು ಸುತ್ತ. ಒಬ್ಬಳು ಓಡಿ ತಿರುವು ನೋಡಿ ಕೈ ಬೀಸುವುದು, ಗಾಡಿ ಮುಂದೆ ಸರಿಯುವುದು. ಜೋಳದ ವ್ಯಾಪಾರಿಗಳು ತಕ್ಕಡಿ ಹಿಡಿದೇ ನಿಂತು ನೋಡಿದರು. ನನಗೆ ಮೊದಲು ನಾಚಿಕೆ, ಆಮೇಲೆ ಎಂಥ ಸೊಕ್ಕು ಬಂತೆಂದರೆ, ನಾನೂ ಹಾಡು ಗುನುಗಿದೆ! ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಮರುದಿನವೇ ಟೈಪಿಂಗ್ ಶುರುವಾಯಿತು. ಬೇಸಿಗೆಯಲ್ಲಿ ಅದು ಕಾದ ಹಂಚು. ಒಬ್ಬಳೂ ತಪ್ಪಿಸಿಕೊಳ್ಳಲಿಲ್ಲ.

ಅಕ್ಕೋರು ಹೋದ ತಿಂಗಳು ತೀರಿಕೊಂಡರು. ಅಲ್ಲಲ್ಲಿ ಕೂದಲು ನರೆತ ನಾವೆಲ್ಲ ಬಂದಿದ್ದೆವು. ನಮ್ಮ ಕಡೆ ಹೆಣದ ಹಿಂದೆ ಹೆಂಗಸರು ಹೋಗುವುದು ಓಣಿಯ ತಿರುವಿನವರೆಗಷ್ಟೇ, ಮುಂದೆ ಮಸಣಕ್ಕೆ ಗಂಡಸರು. ತಿರುವಿನಲ್ಲಿ ಯಾರೋ ಹಿರಿಯರು ಕೈ ಅಡ್ಡ ಮಾಡಿ, "ನೀವಿನ್ನ ಮನಿಗಿ ನಡೀರಿ ತಂಗೀ," ಎಂದರು.

"ನಮ್ಮ ಪಾಳಿ ಇನ್ನಾ ಮುಗದಿಲ್ರಿ," ಅಂದೆ. ಮುಂದೆ ಹೋಗಿ ತಿರುವಿನಾಚೆ ನೋಡಿ ಕೈ ಬೀಸಿದೆ. ಉಳಿದವರು ನನ್ನ ಹಿಂದೆ ಬಂದರು.

ಅಕ್ಕೋರ ತಮ್ಮನ ಹೆಂಡತಿ ಕೊಟ್ಟ ಈ ಗವಸನ್ನು ಈಗ ಮಡಿಸುತ್ತಿದ್ದೇನೆ. ಅಡಿಯಲ್ಲಿ ಏನೂ ಇಲ್ಲ, ಅಕ್ಕೋರೂ ಇಲ್ಲ... ಆದರೆ ಅವರನ್ನು ನಾವು ತಿರುವಿನಲ್ಲಿ ಬಿಟ್ಟು ಬರಲಿಲ್ಲ.