ಸಿಂಚನಳ ಮಂಚದಿಂದ ಬಂದ ದನಿ

ಇದನ್ನು ಓದಿ ಯಾರಾದರೂ "ಹಾಸ್ಟೆಲ್ ಹುಡುಗಿಯರು ಕಟ್ಟಿದ ಕಥೆ" ಎಂದರೆ ನಾನು ಜಗಳಕ್ಕೆ ಬರುವುದಿಲ್ಲ. ನಾನೂ ಇಂಥ ಎಷ್ಟೋ ಕಥೆಗಳನ್ನು ಕೇಳಿ ನಕ್ಕವಳೇ. ಆದರೆ ಆ ಗುರುವಾರ ರಾತ್ರಿ ಒಂಬತ್ತೂವರೆಗೆ ನಮ್ಮ ರೂಮಿನಲ್ಲಿ ನಾನಿದ್ದೆ, ವಾರ್ಡನ್ ಇದ್ದರು. ಇಬ್ಬರ ಕಿವಿಗೂ ಬಿದ್ದದ್ದನ್ನು ಕಥೆ ಎನ್ನಲು ನನಗೆ ಆಗುವುದಿಲ್ಲ.

ಕೆ.ಆರ್. ಪುರ ದಾಟಿ ಮುಂದೆ ಹೋದರೆ ಸಾಲಾಗಿ ಸಿಗುವ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಒಂದರಲ್ಲಿ ನಾನು ಓದುತ್ತಿದ್ದೇನೆ. ಯಾವುದು ಎಂದು ಕೇಳಬೇಡಿ. ಮುಂದಿನಿಂದ ನೋಡಿದರೆ ಗಾಜಿನ ಕಟ್ಟಡ, ಕಾರಂಜಿ. ಹಿಂದಿನ ಗೇಟಿನಿಂದಾಚೆ ಖಾಲಿ ಸೈಟುಗಳು, ನೀಲಗಿರಿ ಮರಗಳು, ಅರ್ಧಕ್ಕೆ ನಿಂತ ಒಂದು ರಸ್ತೆ. ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾದಾಗ ದೊಮ್ಮಲೂರಿನ ಮನೆ ಖಾಲಿ ಮಾಡಿ ನನ್ನನ್ನು ಹಾಸ್ಟೆಲಿಗೆ ಸೇರಿಸಿದರು. ರೂಮಿಗೆ ಇಬ್ಬರು. ನನ್ನ ಜೊತೆಯವಳು ಸಿಂಚನ.

ಸಿಂಚನ ವರ್ತೂರಿನ ಕಡೆಯವಳು. ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರ ಅಪ್ಪನ ಬಾಡಿಗೆ ಕಟ್ಟಡಗಳು ನಿಂತಿವೆ. ದುಡ್ಡಿಗೆ ಬರವಿಲ್ಲ, ಆದರೆ ಅಪ್ಪನ ಮಾತು ಕಲ್ಲು. "ಹಾಸ್ಟೆಲಿಂದ ಒಂದೇ ಒಂದು ಮೆಸೇಜ್ ಬರ್ಲಿ, ಅವತ್ತೇ ಪೆಟ್ಟಿಗೆ ಕಟ್ಕೊಂಡು ಮನೆಗೆ ಬಾ. ಗಂಡು ನೋಡ್ತೀನಿ," ಎಂದು ಹಾಸ್ಟೆಲಿಗೆ ಬಿಡುವಾಗಲೇ ಹೇಳಿದ್ದರು. ಅದು ಬರೀ ಬೆದರಿಕೆಯಾಗಿರಲಿಲ್ಲ. ಅವಳ ಅಕ್ಕನ ಓದು ಎರಡನೇ ವರ್ಷಕ್ಕೇ ಹಾಗೆ ನಿಂತುಹೋಗಿತ್ತು.

ಇಂಥವಳು ಪ್ರತಿ ಗುರುವಾರ ಮನೆಗೆ ಗೊತ್ತಿಲ್ಲದ ಹಾಗೆ ರಿಚರ್ಡ್ಸ್ ಟೌನಿಗೆ ಹೋಗಿ ಒಬ್ಬರು ವಯಸ್ಸಾದ ಆಂಟಿಯ ಹತ್ತಿರ ಪಿಯಾನೊ ಕಲಿಯುತ್ತಿದ್ದಳು. ವಾಪಸ್ ಬರುವಾಗ ಮೆಟ್ರೋ, ಆಮೇಲೆ ಆಟೋ, ತಡವಾದರೆ ಹಿಂದಿನ ಗೇಟಿನ ಕಾಲುದಾರಿ. ರಾತ್ರಿ ಒಂಬತ್ತೂವರೆಗೆ ವಾರ್ಡನ್ ರೂಮುರೂಮಿಗೂ ಬಂದು ಹೆಸರು ಕೂಗಿ ಹಾಜರಿ ಹಾಕುತ್ತಾರೆ. ಇಲ್ಲದವರ ಅಪ್ಪಂದಿರ ಫೋನಿಗೆ ಆ ಕ್ಷಣವೇ ಮೆಸೇಜ್ ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಪ್ರಾಕ್ಸಿ ಎನ್ನುವುದು ಒಂದು ವಿದ್ಯೆ. ಬರದವಳ ಪರವಾಗಿ ಇನ್ನೊಬ್ಬಳು ಅವಳದೇ ದನಿಯಲ್ಲಿ "ಎಸ್ ಮ್ಯಾಮ್" ಎನ್ನಬೇಕು. ಆ ವಿದ್ಯೆಯಲ್ಲಿ ನನ್ನದು ಎತ್ತಿದ ಕೈ.

ಆ ಗುರುವಾರ ಒಂಬತ್ತಾದರೂ ಸಿಂಚನ ಬರಲಿಲ್ಲ. ಫೋನ್ ಮಾಡಿದೆ. ಮೊದಲು ರಿಂಗ್ ಆಯಿತು... ಎತ್ತಲಿಲ್ಲ. ಎರಡನೇ ಸಲ ಸ್ವಿಚ್ಡ್ ಆಫ್. ಚಾರ್ಜ್ ಮುಗಿದಿರಬೇಕು, ದಾರಿಯಲ್ಲಿರುತ್ತಾಳೆ ಎಂದುಕೊಂಡೆ. ಅವಳ ಮಂಚದ ಮೇಲೆ ಎರಡು ದಿಂಬು, ಒಂದು ಬ್ಯಾಗು ಉದ್ದಕ್ಕೆ ಜೋಡಿಸಿ ರಗ್ಗು ಹೊದಿಸಿದೆ. ತಲೆಯ ಕಡೆ ಅವಳ ಕಪ್ಪು ದುಪಟ್ಟಾ ಸುತ್ತಿ ಕೂದಲಿನ ಹಾಗೆ ಇಳಿಬಿಟ್ಟೆ. ನನ್ನ ಕೈಚಳಕಕ್ಕೆ ನಾನೇ ನಕ್ಕು, ಮುಖ ತೊಳೆದು ಬಂದೆ.

ಒಂಬತ್ತೂವರೆಗೆ ವಾರ್ಡನ್ ಶಾಂತಾ ಮ್ಯಾಮ್ ಬಾಗಿಲು ತಟ್ಟಿದರು.

"ಸಿಂಚನಂಗೆ ಹೊಟ್ಟೆನೋವು ಮ್ಯಾಮ್, ಮಲಗಿದಾಳೆ," ಎಂದೆ.

ಬೇರೆ ದಿನವಾಗಿದ್ದರೆ ಹೂಂ ಎಂದು ಗೀಟು ಹಾಕಿಕೊಂಡು ಹೋಗುತ್ತಿದ್ದರು. ಅವತ್ತು ಒಳಗೇ ಬಂದು ನನ್ನ ಭುಜದ ಪಕ್ಕ ನಿಂತರು. "ಅವಳೇ ಹೇಳ್ಲಿ. ಹೋದ ವಾರ ಕೆಳಗಿನ ಫ್ಲೋರಲ್ಲಿ ದಿಂಬಿಗೆ ಪ್ರೆಸೆಂಟ್ ಹಾಕ್ಸಿದಾರೆ ನನ್ ಕೈಲಿ." ಆಮೇಲೆ ಮಂಚದ ಕಡೆ ತಿರುಗಿ, "ಸಿಂಚನಾ," ಎಂದು ಕರೆದರು.

ಅವರು ಅಷ್ಟು ಹತ್ತಿರ ನಿಂತಿರುವಾಗ ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮುಗಿಯಿತು, ನಾಳೆ ಅವಳ ಪೆಟ್ಟಿಗೆ ಕಟ್ಟಬೇಕು ಎಂದುಕೊಂಡೆ.

"ಸಿಂಚನಾ..." ಮ್ಯಾಮ್ ಇನ್ನೊಮ್ಮೆ ಕರೆದರು.

"ಮ್ಯಾಮ್... ಇಲ್ಲಿದೀನಿ..."

ರಗ್ಗಿನೊಳಗಿನಿಂದ ಬಂತು. ಸಿಂಚನಳದೇ ದನಿ. ಆದರೆ ತುಂಬಾ ಆಳದಿಂದ ಬಂದ ಹಾಗೆ ಸಣ್ಣಗಿತ್ತು.

ನನಗೆ ಮೊದಲು ಅನಿಸಿದ್ದು ಸಂತೋಷ. ನಾನು ಮುಖ ತೊಳೆಯಲು ಹೋದಾಗ ಕಳ್ಳಿ ಬಂದು ದಿಂಬು ತೆಗೆದು ಮಲಗಿಬಿಟ್ಟಿದ್ದಾಳೆ, ನನ್ನನ್ನೇ ಬೆಪ್ಪು ಮಾಡಿದಳು ಎಂದುಕೊಂಡೆ.

"ಏನಮ್ಮ, ತುಂಬಾ ನೋವಾ?"

"ಕಾಲು ಮ್ಯಾಮ್... ಕಾಲು ನೋಯ್ತಿದೆ..."

ಮ್ಯಾಮ್ ನನ್ನತ್ತ ಹುಬ್ಬು ಏರಿಸಿದರು. "ನೀನು ಹೊಟ್ಟೆ ಅಂತೀಯ, ಅವಳು ಕಾಲು ಅಂತಾಳೆ."

"ಎರಡೂ ಮ್ಯಾಮ್."

"ನರ್ಸ್‌ನ ಕರೆಸ್ಲಾ?"

ನರ್ಸ್ ಬಂದರೆ ರಗ್ಗು ತೆಗೆಯುತ್ತಾರೆ, ಹೊರಗೆ ಹಾಕಿಕೊಂಡು ಹೋದ ಬಟ್ಟೆ, ಶೂ ಎಲ್ಲ ಕಾಣುತ್ತದೆ. "ಬೇಡ ಮ್ಯಾಮ್. ಮಾತ್ರೆ ಕೊಟ್ಟಿದೀನಿ, ಮಲಗಿದ್ರೆ ಸರಿಹೋಗ್ತಾಳೆ," ಎಂದೆ. ಅವರು ರಿಜಿಸ್ಟರಿನಲ್ಲಿ ಗುರುತು ಹಾಕಿಕೊಂಡು ಹೊರಟರು.

ಬಾಗಿಲು ಹಾಕಿ ಬಂದು, "ಸಾಕು ಏಳೇ, ನಾಟಕದವಳೇ," ಎನ್ನುತ್ತ ರಗ್ಗು ಎಳೆದೆ.

ಎರಡು ದಿಂಬು. ಒಂದು ಬ್ಯಾಗು. ಕಪ್ಪು ದುಪಟ್ಟಾ. ನಾನು ಇಟ್ಟದ್ದು ಇಟ್ಟ ಹಾಗೇ ಇತ್ತು.

ಮಂಚದ ಕೆಳಗೆ ಬಗ್ಗಿ ನೋಡಿದೆ. ಬೀರು ತೆರೆದೆ. ಬಾಲ್ಕನಿಯ ಚಿಲಕ ಒಳಗಿನಿಂದ ಹಾಕಿತ್ತು. ಆಗ ವಾಸನೆ ಮೂಗಿಗೆ ಬಡಿಯಿತು... ಒದ್ದೆ ಮಣ್ಣಿನದು, ಅದರೊಳಗೆ ಚರಂಡಿಯ ಕೊಳೆ. ದಿಂಬು ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ನಾನು ಅದರ ಮೇಲೆ ಬಗ್ಗಿ ನಿಂತಿದ್ದೆ, ನನ್ನ ಮುಖದಿಂದ ಒಂದು ಗೇಣಿನಷ್ಟು ದೂರದಲ್ಲಿ, ಬರೀ ಬಟ್ಟೆಯೊಳಗಿನಿಂದ ಆ ದನಿ ನನ್ನ ಹೆಸರು ಹಿಡಿದು ಕರೆಯಿತು.

"ದೀಪು... ಹೋಗ್ಬೇಡ ಕಣೇ..."

ರಗ್ಗು ಕೈಬಿಟ್ಟು ಹಿಂದಕ್ಕೆ ಸರಿದೆ. ಕಿರುಚಿದರೆ ಮ್ಯಾಮ್ ವಾಪಸ್ ಬರುತ್ತಾರೆ, ಎಲ್ಲ ಬಯಲಾಗುತ್ತದೆ ಎಂಬ ಯೋಚನೆ ಆ ಹೆದರಿಕೆಯಲ್ಲೂ ಇತ್ತು, ನೋಡಿ. ಬೆಳಕು ಕಂಡು ಯಾರೂ ಬರಬಾರದೆಂದು ಲೈಟ್ ಆರಿಸಿದೆ. ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿ ಪಕ್ಕದ ರೂಮಿಗೆ ಹೋದೆ.

ಅಲ್ಲಿದ್ದ ಆಯೇಷಾ, "ಏನಾಯ್ತೇ, ಮುಖ ಯಾಕೆ ಹಿಂಗಿದೆ?" ಎಂದಳು.

"ಹಲ್ಲಿ," ಎಂದೆ. ಅವಳು ನಕ್ಕು ಜಾಗ ಕೊಟ್ಟಳು.

ನಾನು ನಿದ್ದೆ ಮಾಡಲಿಲ್ಲ. ಗೋಡೆಯ ಆಚೆ, ನಮ್ಮ ರೂಮಿನಲ್ಲಿ, ಏನೋ ಕೆರೆಯುವ ಸದ್ದು. ಸ್ವಲ್ಪ ಹೊತ್ತು ಕೆರೆಯುವುದು... ನಿಲ್ಲುವುದು... ಮತ್ತೆ ಕೆರೆಯುವುದು. ಆಯೇಷಾ ಗೊರಕೆ ಹೊಡೆಯುತ್ತಿದ್ದಳು. ಎರಡು ಗಂಟೆಯ ಹೊತ್ತಿಗೆ ಅದು ನಿಂತಿತು. ನಿಂತ ಮೇಲೆ ನನಗೆ ಇನ್ನೂ ಭಯವಾಯಿತು.

ಬೆಳಿಗ್ಗೆ ಆರಕ್ಕೆ ಸೆಕ್ಯೂರಿಟಿಯವರು ಓಡಿಬಂದರು. ಹಿಂದಿನ ಗೇಟಿನಿಂದ ಒಂದು ಕಿಲೋಮೀಟರ್ ಆಚೆ ಪೈಪ್ ಹಾಕಲು ಅಗೆದು ಬಿಟ್ಟಿದ್ದ ಗುಂಡಿಯಲ್ಲಿ ಸಿಂಚನ ಬಿದ್ದಿದ್ದಳು. ರಸ್ತೆ ಗುಡಿಸಲು ಬಂದ ಹೆಂಗಸೊಬ್ಬರು ನೋಡಿ ಜನ ಸೇರಿಸಿದ್ದರು. ಜೀವ ಇತ್ತು. ಬಲಗಾಲು ಎರಡು ಕಡೆ ಮುರಿದಿತ್ತು, ಉಗುರುಗಳೆಲ್ಲ ಮಣ್ಣು ಕೆರೆದು ಕಿತ್ತುಹೋಗಿದ್ದವು. ಒಂಬತ್ತಕ್ಕೇ ಬಿದ್ದಿರಬೇಕು ಎಂದರು.

ಆಸ್ಪತ್ರೆಯಲ್ಲಿ ಅವಳ ಅಪ್ಪನನ್ನು ಮೊದಲ ಸಲ ನೋಡಿದೆ. ನಾನು ಅಂದುಕೊಂಡಷ್ಟು ಎತ್ತರ ಇರಲಿಲ್ಲ. ಬೆಂಚಿನ ಮೇಲೆ ಕೂತು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. "ಒಂದು ಮೆಸೇಜ್ ಬಂದಿದ್ರೆ ಸಾಕಿತ್ತಮ್ಮ," ಎಂದರು ನನಗೆ. "ರಾತ್ರಿನೇ ಹುಡುಕ್ತಿದ್ನಲ್ಲ. ಇಡೀ ಊರನ್ನೇ ಎಬ್ಬಿಸ್ತಿದ್ದೆ." ಗಂಡು ನೋಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಪಿಯಾನೊ ವಿಷಯ ತಿಳಿದೂ ಬೈಯಲಿಲ್ಲ. ಆದರೆ ಅವಳ ಬಲಪಾದ ಇನ್ನು ಸರಿಯಾಗಿ ಬಗ್ಗುವುದಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟರು. ಪಿಯಾನೊದ ಪೆಡಲ್ ಒತ್ತುವುದು ಆ ಪಾದದಲ್ಲೇ.

ಮೂರನೇ ದಿನ ನಾವಿಬ್ಬರೇ ಇದ್ದಾಗ ಸಿಂಚನ ಮೆಲ್ಲಗೆ ಕೇಳಿದಳು, "ನಿಂಗೊಂದು ಹೇಳ್ಲಾ? ನಗಬಾರ್ದು."

"ಹೇಳು."

"ಗುಂಡಿ ಒಳಗಿದ್ದಾಗ ಶಾಂತಾ ಮ್ಯಾಮ್ ನನ್ ಹೆಸರು ಕರೆದಂಗಾಯ್ತು. ಇಲ್ಲಿದೀನಿ ಅಂದೆ. ಮೇಲೆ ಲೈಟಿತ್ತು ಕಣೇ. ನೀನು ಬಗ್ಗಿ ನೋಡ್ತಿದ್ದೆ. ಸದ್ಯ, ನಿಮ್ಗೆ ಸಿಕ್ಬಿಟ್ಟೆ ಅನ್ಕೊಂಡೆ. ಆಮೇಲೆ ಲೈಟ್ ಹೋಯ್ತು."

ನಾನು ಹಣ್ಣು ಹೆಚ್ಚುತ್ತಿದ್ದ ಕೈ ನಿಲ್ಲಿಸಿದೆ.

"ನೀನು ರೂಮಲ್ಲೇ ಇದ್ಯಲ್ಲ," ಎಂದಳು. "ನಿಂಗೇನೂ ಕೇಳಿಸ್ಲಿಲ್ವಾ?"

"ಇಲ್ಲ ಕಣೇ," ಎಂದೆ. "ನಂಗೇನೂ ಕೇಳಿಸ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ನರ್ಸ್ ಬೇಡ ಅಂದ್ಯಲ್ಲ ದೀಪು," ಎಂದಳು. "ಅದೂ ಕೇಳಿಸ್ತು."

ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಆ ಮಾತನ್ನು ಅವಳು ಇನ್ನೊಮ್ಮೆ ಎತ್ತಿಲ್ಲ, ನಾನೂ ಎತ್ತಿಲ್ಲ. ಈ ಸೆಮಿಸ್ಟರಿನಲ್ಲೂ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೇವೆ. ರಾತ್ರಿ ಅವಳೇ ಕುಂಟುತ್ತ ಎದ್ದು ಹೋಗಿ ಲೈಟ್ ಆರಿಸುತ್ತಾಳೆ... ನನಗೆ ಕೈ ಬರುವುದಿಲ್ಲ.