ಒಂದೇ ಸಲ ಕೇಳುವವರು

ಕೊಲ್ಲಿ ದೇಶದ ಬುಸೈತೀನ್ ಎಂಬ ಊರಿನ ನಮ್ಮ ಫ್ಲಾಟಿನಲ್ಲಿ ಈ ಶುಕ್ರವಾರ ಬೆಳಿಗ್ಗೆ ಬ್ರೆಡ್ಡಿನ ವಾಸನೆ. ಡೇವಿಡ್ ಅವರ ಮೊಮ್ಮಗಳು ಲೀಸಾ ತಾನೇ ಬೇಯಿಸಿ ತಂದಿದ್ದಾಳೆ. ತಳ ಕೊಂಚ ಸೀದಿದೆ, ತಾತನ ಬ್ರೆಡ್ಡಿನ ಹಾಗೆಯೇ. ಆ ಸೀದ ವಾಸನೆಗೇ ನನಗೆ ಡೇವಿಡ್ ನೆನಪಾದದ್ದು. ಅವರಿಗೆ ಗಡ್ಡವಿತ್ತೆಂದು ನಾನು, ಇರಲೇ ಇಲ್ಲವೆಂದು ನನ್ನ ಹೆಂಡತಿ. ಮುಂದಿನದನ್ನೂ ನೀವು ಅಷ್ಟೇ ನಂಬಿದರೆ ಸಾಕು.

ಡೇವಿಡ್ ಇದೇ ದೇಶದ ಬುದಯ್ಯ ಎಂಬಲ್ಲಿ ಮಗಳ ಮನೆಯಲ್ಲಿದ್ದರು. ಹರೆಯದಲ್ಲಿ ಅಮೆರಿಕದ ಸರ್ಕಾರ ವಿಯೆಟ್ನಾಂ ಯುದ್ಧಕ್ಕೆ ಕರೆದಾಗ, ಬರುವುದಿಲ್ಲವೆಂದು ಜೈಲಿಗೆ ಹೋದವರು. ಬ್ರೆಡ್ಡು ಕಲಿತದ್ದು ಜೈಲಿನ ಅಡುಗೆಮನೆಯಲ್ಲಿ. ಆಮೇಲಿನ ಬದುಕೆಲ್ಲ ಹಾಗೆ ಒಲ್ಲೆನೆಂದವರ ಪಕ್ಕ ನಿಲ್ಲುವುದರಲ್ಲೇ ಕಳೆಯಿತು. ಸೈನ್ಯದ ಕರೆ ಬಂದ ಹುಡುಗರು ಯಾವ್ಯಾವುದೋ ದೇಶದಿಂದ ಅವರಿಗೆ ಫೋನು ಮಾಡುತ್ತಿದ್ದರು. ಒಮ್ಮೆ ಅವರ ಮನೆಗೆ ಎ.ಸಿ. ರಿಪೇರಿಗೆ ಹೋಗಿದ್ದ ನಾನು ಅಂಥದೊಂದು ಫೋನಿಗೆ ಏಣಿಯ ಮೇಲಿಂದ ಕಿವಿಗೊಟ್ಟೆ. "ನಿನಗೇನು ಬೇಕು, ಮಗಾ?" ಎಂದಷ್ಟೇ ಕೇಳಿ ಡೇವಿಡ್ ಅವನ ಉತ್ತರ ಆಲಿಸುತ್ತ ಕೂತರು. ಭಾಷಣಕ್ಕೆ ಕಾದಿದ್ದ ನನಗೆ ನಿರಾಸೆ.

ಪರಿಚಯ ಬೆಳೆದು ನಮ್ಮಿಬ್ಬರನ್ನು ಊಟಕ್ಕೆ ಕರೆದಾಗಲೂ ಅದೇ ರೀತಿ. ಒಮ್ಮೆ ಕೇಳುವರು, ಬೇಡವೆಂದರೆ ಬ್ರೆಡ್ಡಿನ ಬುಟ್ಟಿಯನ್ನು ಅತ್ತ ಸರಿಸುವರು. ನಮ್ಮ ಉಡುಪಿ ಕಡೆ ಮೂರನೆಯ ಒತ್ತಾಯದವರೆಗೆ ಬೇಡವೆನ್ನುವುದು ಮರ್ಯಾದೆ. ವಾಪಸು ಬರುವಾಗ ಹೆಂಡತಿ ಕಾರಿನಲ್ಲಿ, "ಎಂತ ಜನ ಮಾರಾಯ್ರೆ, ಇನ್ನೊಂದು ಸಲ ಕೇಳಿದ್ರೆ ಅವರ ಗಂಟು ಹೋಗ್ತದಾ?" ಅಂದಳು. ಇಬ್ಬರಿಗೂ ಹಸಿವು.

ಅಂಥವರ ಮೊಮ್ಮಗಳು ಒಂದು ದಿನ ಅದೇ ಮೇಜಿನಲ್ಲಿ, ನಮ್ಮೆದುರೇ, ತಾನು ಅಮೆರಿಕದ ಸೈನ್ಯ ಸೇರುತ್ತೇನೆ ಎಂದಳು.

ಡೇವಿಡ್ ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿದರು. ಚಾಕುವನ್ನು ಮೇಜಿನ ಮೇಲಿಟ್ಟರು.

"ಅಂಕಲ್, ನೀವೊಮ್ಮೆ ಬೇಡ ಅನ್ನಿ," ಎಂದು ಹೆಂಡತಿ ತನ್ನ ಹರುಕು ಇಂಗ್ಲಿಷಿನಲ್ಲಿ ಗೋಗರೆದಳು.

"ನನ್ನ ಮನಸ್ಸು ಅವಳಿಗೆ ಗೊತ್ತು. ಆಜ್ಞೆ ಮಾಡುವವರು ನನಗೆ ಬೇಕಾದಷ್ಟು ಸಿಕ್ಕಿದ್ದರು, ಅಮ್ಮಾ." ಆಮೇಲೆ ಲೀಸಾಳತ್ತ ತಿರುಗಿ, "ನಿನಗೆ ಬೇಕಾ?"

"ಬೇಕು."

"ಹಾಗಾದರೆ ಏರ್‌ಪೋರ್ಟಿಗೆ ನಾನೇ ಬಿಡುತ್ತೇನೆ."

ಕರೆದೊಯ್ದರು ಕೂಡ. ಏರ್‌ಪೋರ್ಟಿನೆದುರು ಕಾರು ನಿಂತಿತಂತೆ, ಲೀಸಾ ಇಳಿಯಲಿಲ್ಲ. "ತಾತ ತಡೆದಿದ್ದರೆ ಹೋಗಿಯೇಬಿಡುತ್ತಿದ್ದೆ" ಎಂದು ಅವಳೇ ಹೇಳಿದ ನೆನಪು. ಇಷ್ಟು ಚಂದದ ಮಾತನ್ನು ನಾನೇ ಹೆಣೆದಿರಲೂಬಹುದು. ಇಳಿಯಲಿಲ್ಲವೆಂಬುದು ಮಾತ್ರ ನಿಜ. ಡೇವಿಡ್ ತೀರಿಕೊಂಡ ಮೇಲೆ ಆ ಫೋನುಗಳೆಲ್ಲ ಅವಳಿಗೇ ಬರುತ್ತಿವೆ.

ಈಗ ನಮ್ಮ ಅಡುಗೆಮನೆಯಲ್ಲಿ ಹೆಂಡತಿ ಲೀಸಾಳ ತಟ್ಟೆಯತ್ತ ನೀರುದೋಸೆ ಹಿಡಿದು, "ಇನ್ನೊಂದು ಹಾಕ್ಲಾ?" ಎಂದಳು.

"ಬೇಡ ಆಂಟಿ."

ಹೆಂಡತಿಯ ಕೈ ಗಾಳಿಯಲ್ಲೇ ನಿಂತಿತು. ಎಷ್ಟೋ ವರ್ಷಗಳ ಅಭ್ಯಾಸ ಸುಲಭಕ್ಕೆ ಬಗ್ಗದು. ಕೊನೆಗೆ ದೋಸೆ ನನ್ನ ತಟ್ಟೆಗೆ ಬಿತ್ತು, ನನ್ನನ್ನು ಕೇಳದೆಯೇ.

ಅಷ್ಟರಲ್ಲಿ ಲೀಸಾಳ ಫೋನು ರಿಂಗಾಯಿತು. ಆ ಕಡೆ ಒಬ್ಬ ಹುಡುಗ, ತಡವರಿಸುವ ದನಿ. ಅವಳು ಒಂದೇ ಸಲ ಕೇಳಿದಳು: "ನಿನಗೇನು ಬೇಕು?"

ಹೆಂಡತಿ ಎಕ್ಸಾಸ್ಟ್ ಫ್ಯಾನ್ ಆರಿಸಿದಳು, ಅವನ ಉತ್ತರ ಸರಿಯಾಗಿ ಕೇಳಲಿ ಎಂದು.